ನೆಲಕ್ಕಿಟ್ಟ ಚಾಕು

ಬೊಂಬಾಯಿಗೆ ಬಂದ ಮೊದಲ ವಾರ, ಟ್ರಾಮಿನಲ್ಲಿ ಕೂತು ಅಡಿಕೆ ಹೋಳು ಮಾಡೋಣವೆಂದು ಉಡುದಾರಕ್ಕೆ ಕಟ್ಟಿದ್ದ ಚಾಕು ಬಿಡಿಸಿದೆ. ನನ್ನ ಬೆಂಚು ಅಷ್ಟೂ ಖಾಲಿಯಾಯಿತು. ಎದುರಿನ ಹೆಂಗಸು ಮಗುವನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ನನ್ನನ್ನು ಕಂಡು ಹೆದರುವವರೂ ಇದ್ದಾರೆಂದರೆ ನಮ್ಮೂರು ಭೇರ್ಯದಲ್ಲಿ ಬಿದ್ದು ಬಿದ್ದು ನಗುತ್ತಾರೆ.

ನಮ್ಮ ಕಡೆ ಚಾಕು ಇಲ್ಲದ ಗಂಡಸುಂಟೇ? ಹಗ್ಗ ಕೊಯ್ಯಲು, ಕಬ್ಬಿನ ಸಿಪ್ಪೆ ತೆಗೆಯಲು, ಕಾಲಿನ ಮುಳ್ಳು ಕೀಳಲು ಅದೇ. ಒಂದು ಕಟ್ಟುಪಾಡು ನಿಮಗೆ ಗೊತ್ತೇ ಇದೆ: ಚಾಕುವನ್ನು ಯಾರ ಕೈಗೂ ನೇರ ಕೊಡಬಾರದು, ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ. ನೆಲಕ್ಕಿಡಬೇಕು, ಅವರು ಎತ್ತಿಕೊಳ್ಳಬೇಕು. ನಡೆಯಲು ಕಲಿತ ದಿನದಿಂದ ಕಲಿತದ್ದು ಇದು.

ಇಲ್ಲಿ ಬಟ್ಟೆ ಗಿರಣಿ ಸೇರಿದ ಮೇಲೆ ಚಾಕುವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಚಾಳು ಎಂಬ ಸಾಲುಮನೆಯಲ್ಲಿ ಒಂದು ಖೋಲಿ, ಅಂದರೆ ಒಂದೇ ಕೋಣೆ. ಅದರಲ್ಲಿ ಏಳು ಜನ. ಊರ ಕೆರೆಯಲ್ಲಿ ಈಜಿ ಬೆಳೆದವನು ಕೊಡ ನೀರಿಗೆ ಸಾಲು ನಿಲ್ಲುತ್ತಿದ್ದೆ. ಏಳು ಜನರ ನಡುವೆಯೂ ಒಂಟಿತನ ತಡೆಯಲಾರದೆ ಹೆಂಡತಿಯ ತಮ್ಮ ಸಿದ್ದನಿಗೆ ಕಾಗದ ಹಾಕಿ ಕರೆಸಿಕೊಂಡೆ.

ಭಾಕರಿ ಎನ್ನುವ ಜೋಳದ ರೊಟ್ಟಿಯನ್ನು ಮುದ್ದೆಯ ಹಾಗೆ ನುಂಗಲು ಹೋಗಿ ಸಿದ್ದ ಕೆಮ್ಮಿ ಕಣ್ಣೀರಿಟ್ಟ. "ಇದ್ನ ದನ ಮೇದಂಗೆ ಅಗೀಬೇಕಲ್ಲ ಬಾವ!" ಎಂದ. ಎಷ್ಟೋ ತಿಂಗಳ ಮೇಲೆ ಅಂದು ನಕ್ಕೆ. ಅವನೂ ನನ್ನ ಗಿರಣಿಗೇ ಸೇರಿದ. ಅಲ್ಲಿಗೆ ಚಾಕು ತರಬೇಡ ಎಂದರೆ, "ಬುಡು ಬಾವ, ಅದಿಲ್ದಿದ್ರೆ ಬತ್ಲೆ ಓಡಾಡ್ದಂಗಾಯ್ತದೆ" ಎಂದ. ನಾನೂ ಒತ್ತಾಯ ಮಾಡಲಿಲ್ಲ.

ಪೇಟೆಯಲ್ಲಿ ಗಲಭೆ ಎದ್ದ ವಾರ ಗಿರಣಿ ಬಾಗಿಲಲ್ಲಿ ತಪಾಸಣೆ ಶುರುವಾಯಿತು. ಸಿದ್ದ ಸಾಲಿನಲ್ಲಿ ನಿಂತು ಸೀಬೆಹಣ್ಣು ಹೆಚ್ಚುತ್ತಿದ್ದ. ಕಾವಲುಗಾರ ಕೈ ಚಾಚಿ "ಇಧರ್ ದೇ" ಎಂದ, ಇತ್ತ ಕೊಡು ಎಂದು. ಸಿದ್ದ ಆ ಕೈ ನೋಡಿ ನಕ್ಕು, ಬಿಚ್ಚಿದ ಚಾಕು ಹಿಡಿದೇ ನೆಲಕ್ಕೆ ಬಗ್ಗಿದ. ಇರಿಯಲು ಬಗ್ಗಿದನೆಂದುಕೊಂಡ ಕಾವಲುಗಾರನ ಲಾಠಿ ತಲೆಗೆ ಬಿತ್ತು, ಉಳಿದವರೂ ಸೇರಿಕೊಂಡರು. ನಾನು ಅವನ ಹಿಂದೆ ಐದನೆಯವನು. ಅವನು ಚಾಕು ಕೆಳಗಿಡುತ್ತಿದ್ದಾನೆ ಎಂದು ಹೇಳುವಷ್ಟು ಭಾಷೆ ನನಗೆ ಬರುತ್ತಿತ್ತು. ಅವನ ಕಡೆಯವನೆಂದು ನನಗೂ ಏಟು ಬಿದ್ದೀತೆಂದು ಬಾಯಿ ಮುಚ್ಚಿಕೊಂಡು ನಿಂತೆ.

ಆಸ್ಪತ್ರೆಯಲ್ಲಿ ಎರಡು ದಿನ ಉಳಿದ. "ನೆಲಕ್ಕೆ ಮಡಗಕ್ ಬಗ್ದೆ ಕಣ ಬಾವ. ಅವ್ನಿಗೂ ನಂಗೂ ಜಗಳ ಯಾಕೆ ಅಂತ" ಎಂದದ್ದೇ ಕೊನೆಯ ಮಾತು. ಜ್ವರ ಬಂದು ತೀರಿಕೊಂಡ ಎಂದು ಊರಿಗೆ ಬರೆದೆ. ಅವನ ತಾಯಿಗೆ, ನನ್ನ ಅತ್ತೆಗೆ, ಓದು ಬಾರದೆಂಬ ಧೈರ್ಯದಿಂದಲೇ ಇದನ್ನೂ ಬರೆಯುತ್ತಿದ್ದೇನೆ.

ಹೋದ ಸುಗ್ಗಿಗೆ ಊರಿಗೆ ಹೋದಾಗ ಚಾಕು ಮತ್ತೆ ಸೊಂಟಕ್ಕೆ ಬಂದಿತ್ತು. ಅವರೆಕಾಯಿ ಮೂಟೆಯ ಹುರಿ ಕೊಯ್ಯಲು ಅತ್ತೆ ಅದನ್ನು ಕೇಳಿದರು. ಸಿದ್ದ ಹೋದ ಮೇಲೆ ಚಾಕು ಹಿಡಿದು ಬಗ್ಗಲು ನನಗೆ ಭಯ. ನೇರ ಅವರ ಕೈಗೇ ಚಾಚಿದೆ. ಅತ್ತೆ ಕೈ ಹಿಂದಕ್ಕೆಳೆದುಕೊಂಡರು.

"ಊರ್ ಬುಟ್ಟೋಗಿ ಎಲ್ಲಾ ಮರ್ತ್ಬುಟ್ರಾ? ನೆಲಕ್ಕೆ ಮಡಗಿ ಕಣಪ್ಪ. ನನ್ ಮಗ ಒಂದಿನಾನೂ ಇದ್ನ ಮರ್ತೋನಲ್ಲ."

ಎರಡು ಊರಿಗೂ ಸಲ್ಲದವನಾದೆ ಅನ್ನಿಸಿತು. ಬಗ್ಗಲೂ ಆಗಲಿಲ್ಲ, ಕೈ ಹಿಂದಕ್ಕೆ ತೆಗೆಯಲೂ ಆಗಲಿಲ್ಲ. ಈ ಸಲ ಭಾಷೆ ನಮ್ಮದೇ ಆಗಿತ್ತು. ಆದರೂ ಬಾಯಿ ಮುಚ್ಚಿಕೊಂಡೇ ನಿಂತೆ.