ಗ್ಯಾಲ್ವೆಸ್ಟನ್ನಿನಲ್ಲಿ ರಥಸಪ್ತಮಿ

ಹೋದ ವರ್ಷ ನನಗೆ ಕ್ಯಾನ್ಸರ್ ಬಂದು ವಾಸಿಯಾಯಿತು. ವಾಸಿಯಾಗಿದೆ ಎಂದು ಡಾಕ್ಟರ್ ಒಪ್ಪಿದರು, ಮನೆಯವರು ಒಪ್ಪಲಿಲ್ಲ. ಸೈಪ್ರೆಸ್ ಎಂಬ ಊರಿನ ನಮ್ಮ ಮನೆಯಲ್ಲಿ ನಾನು ಕುಕ್ಕರ್ ಎತ್ತಿದರೂ ಯಜಮಾನರು ಓಡಿ ಬಂದು ಕಸಿದುಕೊಳ್ಳುತ್ತಿದ್ದರು. ದೇವರು ಬದುಕಿಸಿದ್ದು ಸೋಫಾದ ಮೇಲೆ ಕೂರುವುದಕ್ಕಲ್ಲ ಎಂದು ನನಗೆ ಗೊತ್ತಿತ್ತು. ರಥಸಪ್ತಮಿಗೆ ಗ್ಯಾಲ್ವೆಸ್ಟನ್ನಿಗೆ ಹೋಗಿ ಸಮುದ್ರಸ್ನಾನ ಮಾಡುತ್ತೇನೆ ಎಂದೆ.

ಆಸ್ಟಿನ್ನಿನಿಂದ ಮಗಳು ಫೋನಿನಲ್ಲೇ ಕೂಗಿದಳು. “ಅಮ್ಮಾ, ಆರ್ ಯು ಸೀರಿಯಸ್? ಇಟ್ಸ್ ವಿಂಟರ್!”

“ಸೂರ್ಯನಾರಾಯಣನ ಹಬ್ಬಾನ ಬೇಸಿಗೆಗೆ ಪೋಸ್ಟ್‌ಪೋನ್ ಮಾಡಕ್ಕಾಗತ್ತೇನೆ?”

“ಬಕೆಟ್ಟಿಗೆ ಒಂದು ಹಿಡಿ ಉಪ್ಪು ಹಾಕ್ತೀನಿ,” ಎಂದರು ಯಜಮಾನರು. “ಅದನ್ನೇ ಸಮುದ್ರ ಅಂದ್ಕೊ.”

“ನಾನೇನು ಮಾವಿನಕಾಯೇನ್ರೀ, ಉಪ್ಪುನೀರಲ್ಲಿ ನೆನೆಹಾಕಕ್ಕೆ?”

ಹಬ್ಬದ ಹಿಂದಿನ ಸಂಜೆ ಹೊರಟೆವು. ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗವಿರದ ಊರು ಬಿಕೋ ಎನ್ನುತ್ತಿತ್ತು. ಚಿಪ್ಪು, ಟೋಪಿ ಮಾರುವ ಅಂಗಡಿಗಳಿಗೆ ಬೀಗ. ಮೋಟೆಲಿನಲ್ಲಿ ನಮ್ಮದೊಂದೇ ಕಾರು. ಸಮುದ್ರದ ಕಡೆಯ ರೂಮು ಕೇಳದೆಯೇ ಸಿಕ್ಕಿತು, ಅದೊಂದು ಕೃಪೆ. ಚಳಿಗೆ ಸಾಯದಂತೆ ಗ್ಯಾರೇಜಿನಲ್ಲಿಟ್ಟು ಕಾಪಾಡಿದ್ದ ಎಕ್ಕದ ಗಿಡ ಸ್ನಾನಕ್ಕೆ ಬೇಕಾದ ಏಳೆಲೆಯನ್ನೂ ಕೊಟ್ಟಿತ್ತು. ಅದೂ ಕೃಪೆಯೇ.

ಬೆಳಿಗ್ಗೆ ನೋಡಿದರೆ ಮಂಜು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೋ ತಿಳಿಯದು.

“ಸೂರ್ಯನೇ ಇಲ್ವಲ್ಲೇ, ಯಾರಿಗೆ ಅರ್ಘ್ಯ ಕೊಡ್ತೀಯ? ನಡಿ, ವಾಪಸ್ ಹೋಗೋಣ.”

“ನಮಗೆ ಕಾಣ್ಲಿಲ್ಲ ಅಂದ್ರೆ ಅವನು ಹುಟ್ಟಿಲ್ಲ ಅಂತಾನಾ? ಕೀಮೋ ಕೊಡ್ತಿದ್ದ ರೂಮಿಗೆ ಕಿಟಕೀನೇ ಇರ್ಲಿಲ್ಲ. ಆಗ್ಲೂ ದಿನಾ ಹುಟ್ಟಿದಾನೆ.”

ಅವರು ಟವೆಲ್ ಹಿಡಿದು ಮರಳಿನಲ್ಲೇ ನಿಂತರು. ನಾನು ಹಳೆಯ ಚೂಡಿದಾರದಲ್ಲೇ ಇಳಿದೆ. ನೀರು ಮೂಳೆಗೆ ತಾಗುವಷ್ಟು ತಣ್ಣಗಿತ್ತು. ಮಂಡಿ, ಪಾದದ ಎಲೆಗಳನ್ನು ಮೊದಲ ಅಲೆಯೇ ಕೊಂಡೊಯ್ಯಿತು. ಭುಜದವು ಜಾರಿದವು. ಈಗಷ್ಟೇ ಚಿಗುರಿದ್ದ ಗಿಡ್ಡ ಕೂದಲಿನ ಮೇಲೆ ಎಲೆ ನಿಲ್ಲಲೊಲ್ಲದು. ಅಂಗೈಯಿಂದ ಅದುಮಿ ಹಿಡಿದು ಮುಳುಗಿದೆ. ಎದ್ದು, ಮತ್ತೆ ಮುಳುಗಿದೆ. ಬೊಗಸೆಯಲ್ಲಿ ನೀರೆತ್ತಿ ಮಂಜಿನ ಕಡೆಗೇ ಅರ್ಘ್ಯ ಬಿಟ್ಟೆ.

“ಸಾಕು ಬಾರೇ, ಜ್ವರ ಬರತ್ತೆ!”

“ಬರ್ಲಿ ಬಿಡಿ! ಜ್ವರ ತಾನೆ, ಎಲ್ಲರಿಗೂ ಬರೋ ಕಾಯಿಲೆ!”

ಬಂಡೆಯ ಮೇಲೆ ಗಾಳ ಹಾಕಿ ಕುಳಿತಿದ್ದವನೊಬ್ಬ, ನನಗೇನಾಯಿತೋ ಎಂದು ಎದ್ದು ನಿಂತ. ಕೈಬೀಸಿ, ಇನ್ನೊಂದು ಮುಳುಗು ಹಾಕಿದೆ. ನನ್ನನ್ನು ಎಳೆದು ತರಲು ಯಜಮಾನರು ಶೂ ಸಮೇತ ನೀರಿಗಿಳಿದರು. ಅವರ ಕೈ ಹಿಡಿದುಕೊಂಡೆ, ಆದರೆ ದಡಕ್ಕೆ ಬಂದದ್ದು ನನಗೆ ತೃಪ್ತಿಯಾದ ಮೇಲೆಯೇ.

ಮಾರನೆಯ ದಿನ ನೆಗಡಿಯಾದದ್ದು ಅವರಿಗೆ. ಮೆಣಸಿನ ಸಾರು ಕುಡಿಸಿ, ರಗ್ಗು ಹೊದಿಸಿ, “ಎದ್ದು ಓಡಾಡಿದ್ರೆ ನೋಡಿ ಮತ್ತೆ!” ಎಂದೆ. ರಗ್ಗನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದರು.

ಸಂಜೆ ಮಗಳ ಫೋನು ಬಂತು. “ಅಮ್ಮಾ, ಹೌ ಈಸ್ ಅಪ್ಪಾ?” ಎಂದು ಕೇಳಿದಳು. ನನ್ನನ್ನು ಕೇಳಲೇ ಇಲ್ಲ.