ಮೀರಾ ಸಾಹೇಬರ ಹಾಲಿನ ಬಾಟಲಿ

ಮೇ ತಿಂಗಳ ಮಧ್ಯಾಹ್ನ, ಕೃಷ್ಣಾ ಸೇತುವೆಯ ನಟ್ಟನಡುವೆ, ನಾಗೂರ್ ಮೀರಾ ಸಾಹೇಬರ ಕಾರಿನ ಏಸಿ ಬಿಸಿಗಾಳಿ ಊದತೊಡಗಿತು. ಹಿಂದಿನ ಸೀಟಿನಲ್ಲಿ ತುಂಬುಬಸುರಿ ಮಗಳು ಶಾಹಿನಾ, ಪಕ್ಕದಲ್ಲಿ ಅವಳ ಅತ್ತೆ. ಹೆರಿಗೆಗೆಂದು ಮಗಳನ್ನು ಗುಂಟೂರಿನಿಂದ ವಿಜಯವಾಡಕ್ಕೆ ಕರೆತರುತ್ತಿದ್ದ ಈ ಅಪ್ಪ, ಗ್ಯಾರೇಜುಗಳೇ ತುಂಬಿದ ಇಡೀ ಆಟೋನಗರದಲ್ಲಿ ಹೆಸರಾದ ಏಸಿ ಮೇಸ್ತ್ರಿ. ಅವರ ಪಕ್ಕ ಕೂತಿದ್ದ ನಾನು, ಇಪ್ಪತ್ತು ವರ್ಷದಿಂದ ಅವರ ನೆರೆಯವನು, ಸದ್ದಿಲ್ಲದೆ ಕಿಟಕಿ ಇಳಿಸಿದೆ.

“ಅಬ್ಬಾ!” ಎಂದಳು ಶಾಹಿನಾ. ಅಪ್ಪನನ್ನು ಕರೆದಳೋ, ಸೆಖೆಗೆ ಉದ್ಗರಿಸಿದಳೋ, ನನ್ನ ಕನ್ನಡದ ಕಿವಿಗೆ ತಿಳಿಯಲಿಲ್ಲ.

ಅತ್ತೆ ಸೆರಗಿನಿಂದ ಸೊಸೆಗೆ ಗಾಳಿ ಹಾಕುತ್ತ, “ಬೀಗರೇ, ಬಸ್ಸಲ್ಲಿ ಬಂದಿದ್ರೆ ಕಿಟಕಿಯಾದ್ರೂ ದೊಡ್ಡದಿರ್ತಿತ್ತು” ಎಂದರು. ಸಾಹೇಬರು ಏಸಿಯ ಗುಂಡಿಯನ್ನು ಮತ್ತೆ ಮತ್ತೆ ತಿರುಗಿಸಿದರು. ಹಿಂದಿನ ದಿನವಷ್ಟೇ ಆ ಕಾರಿನ ಏಸಿಗೆ ಸ್ವಂತ ಕೈಯಿಂದ ಹೊಸ ಕಂಪ್ರೆಸರ್ ಕೂರಿಸಿದ್ದರು.

ಅವರ ಹೆಸರು ನಿಂತದ್ದೇ ಎಣ್ಣೆಯ ಅಳತೆಯ ಮೇಲೆ. ಕಂಪ್ರೆಸರಿಗೆ ಎಣ್ಣೆ ಕಡಿಮೆಯಾದರೆ ಕಚ್ಚಿಕೊಂಡು ನಿಲ್ಲುತ್ತದೆ. ಹೆಚ್ಚಾದರೆ ಕೊಳವೆಗಳಿಗೆಲ್ಲ ಮೆತ್ತಿ ತಂಪನ್ನೇ ತಡೆಯುತ್ತದೆ. ಎಣ್ಣೆ ಹೆಚ್ಚಾದರೆ ಕೆಡುವುದು ಗಂಡಸರು ಮಾತ್ರವಲ್ಲ. ಉಳಿದ ಮೇಸ್ತ್ರಿಗಳು ಕಣ್ಣಂದಾಜಿನಲ್ಲಿ ಸುರಿದರೆ, ಇವರು ಶಾಹಿನಾ ಕೂಸಾಗಿದ್ದಾಗ ಹಾಲು ಕುಡಿದ ಗಾಜಿನ ಬಾಟಲಿಯಲ್ಲಿ ಗೆರೆ ನೋಡಿ ಅಳೆಯುತ್ತಿದ್ದರು. “ಇನ್ನೊಂಚೂರು ಹಾಕಿ ಭಾಯ್” ಎಂದು ಗಿರಾಕಿ ಕೇಳಿದರೆ, “ಇದೇನು ಬೇಳೆ ಪಪ್ಪು ಅನ್ನಕ್ಕೆ ತುಪ್ಪಾನಾ?” ಎಂದು ಗದರುತ್ತಿದ್ದರು.

ಬೇಯುತ್ತಲೇ ಹೇಗೋ ಮನೆ ತಲುಪಿದೆವು. ಶಾಹಿನಾ ಆಸ್ಪತ್ರೆಗೆ ಗುರುವಾರ ಸೇರಬೇಕಿತ್ತು. ಹೆಂಡತಿ ಕಾಸಿಂಬಿ, “ಟ್ಯಾಕ್ಸಿ ಹೇಳ್ಬಿಡಿ, ನಿಮ್ಮ ಒಲೆ ಮನೇಲೇ ಇರ್ಲಿ” ಎಂದರು.

“ಅಬ್ಬಾನ ಕಾರಲ್ಲೇ ಹೋಗೋದು” ಎಂದಳು ಶಾಹಿನಾ. “ಬೆಂದ್ರೂ ಸರಿ.”

ಸಾಹೇಬರು ಆ ರಾತ್ರಿ ಉಣ್ಣಲಿಲ್ಲ. ಬೆಳಗ್ಗೆ ಕೊಳವೆಗಳನ್ನೆಲ್ಲ ಬಿಚ್ಚಿ ಎಣ್ಣೆ ಇಳಿಸಿದರು. ನೂರಿಪ್ಪತ್ತು ಎಂಎಲ್ ಇರಬೇಕಾದ ಕಡೆ ಇನ್ನೂರು ದಾಟಿತ್ತು. ತಮ್ಮ ಕೈಯನ್ನೇ ಯಾರದೋ ಕೈಯೆಂಬಂತೆ ನೋಡಿಕೊಂಡರು. ಎಲ್ಲ ತೊಳೆದು ಹೊಸ ಎಣ್ಣೆ ಅಳೆದು, ಬಾಟಲಿಯನ್ನು ಹೆಂಡತಿಯ ಮುಂದೆ ಹಿಡಿದರು. “ನೀನು ಓದು.”

“ನೂರಿಪ್ಪತ್ತು.”

“ಶಾಹಿನಾ, ನೀನೂ ನೋಡಮ್ಮ.”

“ನೂರಿಪ್ಪತ್ತೇ, ಅಬ್ಬಾ. ಆದ್ರೆ ನನ್ನ ಮಗೂಗೆ ಈ ಬಾಟ್ಲಿ ಬೇಡ.”

ಗುರುವಾರ ಬೆಂಜ್ ಸರ್ಕಲ್ಲಿನ ಸಂದಣಿಯಲ್ಲಿ ಕಾರು ಕಾಲು ಗಂಟೆ ನಿಂತಿತು. ಹೊರಗೆ ಡಾಂಬರು ಕರಗುತ್ತಿತ್ತು. ಹಿಂದಿನಿಂದ ಶಾಹಿನಾ ದುಪ್ಪಟ ಹೊದ್ದುಕೊಳ್ಳುತ್ತ, “ಅಬ್ಬಾ, ಸ್ವಲ್ಪ ಕಮ್ಮಿ ಮಾಡಿ, ಚಳಿ” ಎಂದಳು. ಸಾಹೇಬರು ಗುಂಡಿ ತಿರುಗಿಸಿದರು. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡರು. ಅಷ್ಟು ತಂಪಿನಲ್ಲಿ ಅದನ್ನು ಬೆವರು ಎನ್ನುವಂತಿರಲಿಲ್ಲ.

ಸಂಜೆಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಯೇ ಮೆತ್ತಗಾಗಿ, “ಮಗಳು ಕೂರೋ ಗಾಡಿ ಅಂತ ಅವತ್ತು ಕೈ ಧಾರಾಳ ಆಗಿದೆ, ಪಾಪ. ಸೊಸೆ ಬಸುರಿ ಅಂತ ನಾನೂ ಹಂಗೇ ತುಪ್ಪ ಸುರೀತಿದ್ದೆ” ಎಂದು ಹೇಳಿ ಕೂಸನ್ನು ನೋಡಲು ಒಳಗೆ ಹೋದರು. ನಾನು ಸಾಹೇಬರ ಪಕ್ಕಕ್ಕೆ ಸರಿದು ಕೂತೆ.

“ನಿಜಾನಾ ಸಾಹೇಬ್ರೇ? ಪ್ರೀತಿಗೇ ಎಣ್ಣೆ ಹೆಚ್ಚಾಗಿದ್ದಾ?”

ಬಾಗಿಲು ಮುಚ್ಚಿತೇ ಎಂದು ಅವರು ತಿರುಗಿ ನೋಡಿದರು.

“ಇಲ್ಲ ಸಾರ್. ಸರಿಯಾಗೇ ಅಳೆದು ಹಾಕಿದ್ದೆ. ಅಷ್ಟೊತ್ತಿಗೆ ಮನೆಯಿಂದ ಗೋಂಗೂರ ಮಟನ್ ಬಂತು. ಉಂಡು ಬಂದು, ಮರೆತು, ಇನ್ನೊಂದ್ಸಲ ಹಾಕ್ದೆ.”