ಕಾಕಾ ಬಸ್ಸು ನಿಲ್ಲಿಸಿದ ದಿನ

ಮೊನ್ನೆ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಡೀಸೆಲ್ ಹೊಗೆಯ ನಡುವೆ ಊದುಬತ್ತಿಯ ವಾಸನೆ ಬಂತು. ಯಾರೋ ಡ್ರೈವರ್ ಮೊದಲ ಟ್ರಿಪ್ಪಿಗೆ ಮುನ್ನ ಸ್ಟೇರಿಂಗಿಗೆ ಬೆಳಗುತ್ತಿದ್ದ. ಪಕ್ಕದ ಮನೆಯ ಕಾಕಾ ನೆನಪಾದರು...

ಕಾಕಾ ಹಾವೇರಿ ಬಸ್ಸಿನ ಡ್ರೈವರ್. ದಾರಿಯಲ್ಲಿನ ಹಳ್ಳಿಯೊಂದರ ಶಾಲೆಗೆ ಪಾಠ ಹೇಳಲು ನಾನು ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ವರ್ಷ ಗೋವಿನಜೋಳದ ಸುಗ್ಗಿಯ ಹೊತ್ತಿಗೆ ಅವರ ಮುಖ ಬಿಳಿಚಿಕೊಂಡಿತ್ತು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. "ಉಷ್ಣ ಆಗೇತ್ರಿ ಅಕ್ಕೋರ" ಎಂದು ಮಜ್ಜಿಗೆ ಕುಡಿದು ಡ್ಯೂಟಿಗೆ ಹೊರಡುತ್ತಿದ್ದರು.

ಒಂದು ಬೆಳಿಗ್ಗೆ ತುಂಬಿದ ಬಸ್ಸನ್ನು ಹೊಲಗಳ ನಡುವೆ ನಿಲ್ಲಿಸಿಬಿಟ್ಟರು. ಹಿಂದಿನ ಸೀಟಿನಿಂದ ಯಾರೋ "ಕುಡದಾನೇನ?" ಎಂದು ಕೂಗಿದರು. ಕಾಕಾ ಎಂಜಿನ್ ಬಂದ್ ಮಾಡಿ ಎದ್ದು ನಿಂತರು.

"ಸಿಟ್ಟಾಗಬ್ಯಾಡ್ರಿ. ಕಣ್ಣ ಮುಂದ ನಟ್ಟನಡುವ ಕರ್ರಗ ಆಗೇತಿ, ರೋಡ್ ಕಾಣವಲ್ದು. ನಿಮ್ಮನ್ನ ಕರಕೊಂಡು ಹೋಗಾಕ ನನ್ನ ಕೈಲೆ ಆಗೂದಿಲ್ಲ."

ಹಿಂದೆ ಬಂದ ಬಸ್ಸಿನಲ್ಲಿ ನಾನೇ ಅವರನ್ನು ಹಾವೇರಿಗೆ ಕರೆದೊಯ್ದೆ. ಚಷ್ಮಾ ಕೊಡುತ್ತಾರೆ, ಮುಗಿಯಿತು ಎಂದುಕೊಂಡಿದ್ದೆವು. ಕಣ್ಣಿನ ಡಾಕ್ಟರು ಹನಿ ಹಾಕಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ನನ್ನನ್ನು ಹೊರಗೆ ಕರೆದು, "ಎರಡೂ ಕಣ್ಣಿನ ಪರದೆ ಮ್ಯಾಲೆ ರಕ್ತ ಸೋರೇತ್ರಿ. ಮೂಲ ಕಣ್ಣಾಗ ಇಲ್ಲ. ಇವತ್ತ ರಕ್ತ ತಪಾಸ ಮಾಡಸ್ರಿ" ಎಂದರು.

ರಕ್ತದ ಕ್ಯಾನ್ಸರ್ ಎಂದು ಹುಬ್ಬಳ್ಳಿಯಲ್ಲಿ ತಿಳಿಯಿತು. ಅವರಿಗೆ ಹೇಳುವ ಧೈರ್ಯ ಮನೆಯವರಿಗೆ ಬರಲಿಲ್ಲ. ನಾನು ವಾರ್ಡಿಗೆ ಹೋದಾಗ ಧ್ವನಿಯಿಂದಲೇ ಗುರುತು ಹಿಡಿದರು.

"ಕಣ್ಣಿಗೆ ಯಾರೂ ಔಷಧ ಬಿಡವಲ್ರು ಅಕ್ಕೋರ. ಬರೀ ರಕ್ತಾನ ಏರಸಾಕತ್ತಾರ. ನಂದು ಕಣ್ಣಿನ ಬ್ಯಾನಿ ಅಲ್ಲ, ಹೌದಿಲ್ಲೋ?"

ಅವರ ಹೆಂಡತಿ, ನಮ್ಮ ಕಾಕು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾನು ಅವರ ಹೊದಿಕೆ ಸರಿಪಡಿಸಿದೆ. ಅದೇ ಉತ್ತರವೆಂದು ಕಾಕಾಗೆ ತಿಳಿಯಿತೇನೋ... ಆಮೇಲೆ ಅವರು ಕಣ್ಣಿನ ಮಾತೇ ಎತ್ತಲಿಲ್ಲ. ಕಾಣಿಸುತ್ತದೆಯೇ ಎಂದು ನರ್ಸ್ ಕೇಳಿದರೆ ಗೋಡೆಯ ಕಡೆ ಹೊರಳಿಬಿಡುತ್ತಿದ್ದರಂತೆ. ಜ್ವರ ಹತ್ತಿತು, ಇಳಿಯಲಿಲ್ಲ. ಸಂಕ್ರಾಂತಿಗೆ ಮೊದಲೇ ಹೋಗಿಬಿಟ್ಟರು.

ನಿನ್ನೆ ಸಂತೆಯಲ್ಲಿ ಕಾಕು ಸಿಕ್ಕಿದ್ದರು. ಉಳ್ಳಾಗಡ್ಡಿ ಆರಿಸುತ್ತಿದ್ದ ಹೆಂಗಸೊಬ್ಬಳು ಅವರನ್ನು ಕಂಡು ಕೈಮುಗಿದಳು. "ಆವತ್ತ ನಾನೂ ಬಸ್ಸಿನ್ಯಾಗ ಇದ್ನೆವ್ವಾ. ನಮ್ಮನ್ನೆಲ್ಲಾ ಉಳಿಸಿದ ಪುಣ್ಯಾತ್ಮ."

"ಹೌದವ್ವ" ಎಂದರು ಕಾಕು. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಎಲ್ಲಾರೂ ಉಳದ್ರು ಅಕ್ಕೋರ. ಅವರೊಬ್ರ ಉಳೀಲಿಲ್ಲ."